ಹುಸಿ ಕಪ್ಪೆಯೂ ದೊಡ್ಡ ಬಾಯಿಯ ಮೀನೂ

ಕಳೆದ ಬೇಸಿಗೆಯ ರಜೆಯಲ್ಲಿ, ಅಮೆರಿಕದ ಫ್ಲಾರಿಡಾ ಸೀಮೆಯಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕುಶಲಪ್ರಶ್ನೆಯಾದ ಮೇಲೆ ಒಂದು ಚಿಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟು, “ತೆಗೆದು ನೋಡಿ ಸಾರ್” ಎಂದ. ತೆಗೆದರೆ ಒಳಗೆ ಹಸುರು ಬೆನ್ನಿನ, ಬಿಳಿಯ ಹೊಟ್ಟೆಯ ಕಪ್ಪೆ! ಕಾಫಿ ತರುತ್ತಿದ್ದ ನಮ್ಮ ಮನೆಯವರು ಲೋಟಗಳನ್ನು ಅಲ್ಲಿಯೇ ಕಿಟಕಿಯ ಮೇಲಿಟ್ಟು ಒಳಗೆ ನಡೆದುಬಿಟ್ಟರು. ಮುಟ್ಟಿ ನೋಡಿದೆ, ಕಪ್ಪೆಯಲ್ಲ, ಮೆತ್ತನೆಯ ಪ್ಲಾಸ್ಟಿಕ್ಕು. ಅದರ ಮೈಗೆ ಒತ್ತಿಕೊಂಡಂತೆ ಎರಡು ಉಕ್ಕಿನ ಗಾಳಗಳು ಅಡಗಿದ್ದುವು.

ಮೀನು ತಿನ್ನದ ಮನೆಯಲ್ಲಿ ಹುಟ್ಟಿದವನು ನಾನು. ಗಾಳ ಹಿಡಿದು ಕೆರೆಯ ಏರಿಯ ಮೇಲೆ ಕುಳಿತವನೂ ಅಲ್ಲ. ಆದರೂ ಆತ ಹೇಳಿದ ಸಂಗತಿಗಳು ಎಷ್ಟು ಸ್ವಾರಸ್ಯವಾಗಿದ್ದುವೆಂದರೆ, ಅವನು ಹೋದ ಮೇಲೂ ಪುಸ್ತಕಗಳನ್ನು ಹುಡುಕಿ ಓದಿದೆ.

ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ಕನ್ನಡದಲ್ಲಿ ಎರೆ ಎಂದು ಹೆಸರು. ಎರೆಹುಳು ಎಂಬ ಮಾತಿನಲ್ಲಿಯೂ ಈ ಅರ್ಥವೇ ಅಡಗಿದೆಯೆಂದು ನನಗೆ ತೋರುತ್ತದೆ. ಹಾಗಾದರೆ ಈ ಪ್ಲಾಸ್ಟಿಕ್ ಕಪ್ಪೆಯನ್ನು ಹುಸಿ ಎರೆ ಎನ್ನೋಣ. ಮರದಲ್ಲಿ ಕೆತ್ತಿದ ಮೀನು, ಹಕ್ಕಿಯ ಗರಿಯಿಂದ ಕಟ್ಟಿದ ನೊಣ, ಇವು ಹಳೆಯ ಹುಸಿ ಎರೆಗಳು. ಮೆತ್ತನೆಯ ಪ್ಲಾಸ್ಟಿಕ್ಕಿನವು ಈಚಿನವು. 1949ರಲ್ಲಿ ಒಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಎಂಬಾತ ತನ್ನ ಮನೆಯ ಅಡಿಗೆಮನೆಯಲ್ಲಿಯೇ ಪ್ಲಾಸ್ಟಿಕ್ ದ್ರವವನ್ನು ಕಾಯಿಸಿ ಅಚ್ಚಿಗೆ ಹೊಯ್ದು ಎರೆಹುಳುವನ್ನು ಮಾಡಿದ. 1957ರಲ್ಲಿ ಅದೇ ಸಂಸ್ಥಾನದ ಹ್ಯಾರಿ ಎಹ್ಲರ್ಸ್ ಒಳಗೆ ಟೊಳ್ಳಾದ ಕಪ್ಪೆಯನ್ನು ಮಾಡಿದ.

ಈ ಕಪ್ಪೆಗೆ ಮರುಳಾಗುವ ಮೀನು ದೊಡ್ಡ ಬಾಯಿಯ ಬಾಸ್. ಬಾಯಿ ನಿಜವಾಗಿಯೂ ದೊಡ್ಡದು. ಮೇಲಿನ ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಹಸುರು ಮೈ, ಪಕ್ಕದಲ್ಲಿ ಒಂದು ಕಪ್ಪು ಪಟ್ಟೆ. ಉತ್ತರ ಅಮೆರಿಕದ ಪೂರ್ವಭಾಗದ ಕೆರೆಹೊಳೆಗಳು ಇದರ ತವರು. ತಾವರೆಯಂತಹ ಎಲೆಗಳ ಕೆಳಗೆ, ಕಳೆ ಹೆಣೆದುಕೊಂಡ ನೆರಳಿನಲ್ಲಿ ಅಲುಗದೆ ಹೊಂಚುಹಾಕುವುದು ಇದರ ಸ್ವಭಾವ. ಇಂತಹ ಕಡೆ ಸಾಮಾನ್ಯವಾದ ಗಾಳವನ್ನೆಸೆದರೆ ಮೀನಿಗೆ ಬದಲು ಒಂದು ಹೊರೆ ಕಳೆ ಬರುವುದು. ಕಪ್ಪೆಯ ಜಾಣತನವಿರುವುದು ಇಲ್ಲಿಯೇ. ಗಾಳದ ಮೊನೆಗಳು ಮೇಲ್ಮುಖವಾಗಿ ಮೈಗೆ ಅಂಟಿಕೊಂಡಿರುವುದರಿಂದ ಅದು ಎಲೆಗಳ ಮೇಲೆ ಎಲ್ಲಿಯೂ ತೊಡರದೆ ಜಾರಿಕೊಂಡು ಬರುತ್ತದೆ. ಮೀನು ಕಚ್ಚಿದಾಗ ಟೊಳ್ಳಾದ ಮೈ ಅಪ್ಪಚ್ಚಿಯಾಗಿ ಮೊನೆಗಳು ಹೊರಬೀಳುತ್ತವೆ. ಗಟ್ಟಿ ಮೈಯ ಇನ್ನೊಂದು ಜಾತಿಯ ಕಪ್ಪೆಯೂ ಉಂಟು. ಅದಕ್ಕೆ ಒಂದೇ ಗಾಳ. ಎಳೆದಂತೆಲ್ಲಾ ಅದರ ಕಾಲುಗಳು ನೀರನ್ನು ಪಟಪಟನೆ ಬಡಿಯುತ್ತವೆ.

ಎಲೆಯ ಕೆಳಗಿನ ಮೀನಿಗೆ ಕಪ್ಪೆ ಹೇಗೆ ತಿಳಿಯುತ್ತದೆ? ಮೀನಿನ ಮೈಯ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಸೂಕ್ಷ್ಮವಾದ ರೇಖೆಯಿದೆ; ನೀರಿನ ಅಲುಗಾಟವನ್ನು ಅದು ಗ್ರಹಿಸುತ್ತದೆ. ಕಣ್ಣಿಗೆ ಬೀಳುವುದು ಹೊಟ್ಟೆ ಮಾತ್ರ. ಬೆನ್ನಿಗೆ ಬಳಿದ ಚುಕ್ಕೆ, ಚಿತ್ತಾರಗಳೆಲ್ಲ ಅಂಗಡಿಗೆ ಬರುವವರನ್ನು ಹಿಡಿಯಲಿಕ್ಕೆಂದು ನನ್ನ ಅನುಮಾನ.

ಇನ್ನು ಹಿಡಿಯುವ ಬಗೆ. ಎಲೆಗಳ ನಡುವಣ ಬಯಲಿನಲ್ಲಿ ಕಪ್ಪೆಯನ್ನು ನಿಲ್ಲಿಸಿ, ತುಸು ಕುಣಿಸಿ, ಮತ್ತೆ ನಿಲ್ಲಿಸಬೇಕು. ಒಮ್ಮೆಲೇ ನೀರು ಸಿಡಿಯುತ್ತದೆ, ಕಪ್ಪೆ ಮಾಯವಾಗುತ್ತದೆ. ಹೊಸಬನಾದವನು ಆ ಕ್ಷಣವೇ ಕೋಲನ್ನು ಜಗ್ಗುವನು. ಬರಿಯ ಕಪ್ಪೆ ಹಾರಿ ಅವನ ಮುಖಕ್ಕೇ ಬರುವುದು. ಕಾರಣವಿಷ್ಟೇ: ಈ ಮೀನು ನಾಯಿಯಂತೆ ಕಚ್ಚುವುದಿಲ್ಲ. ಬಾಯನ್ನು ಥಟ್ಟನೆ ಹಿಗ್ಗಿಸಿದಾಗ ನೀರು ಒಳಕ್ಕೆ ನುಗ್ಗಿ, ಅದರೊಡನೆ ಬೇಟೆಯೂ ಒಳಗೆ ಹೋಗುತ್ತದೆ. ಅಷ್ಟರಲ್ಲಿ ದಾರವನ್ನು ಬಿಗಿಮಾಡಿದರೆ ಕಪ್ಪೆ ಬಾಯಿಯಿಂದ ಜಾರುತ್ತದೆ. ಆದುದರಿಂದ ಮನಸ್ಸಿನಲ್ಲಿ ಒಂದು, ಎರಡು ಎಂದೆಣಿಸಿ, ದಾರದಲ್ಲಿ ಭಾರ ತಿಳಿದ ಮೇಲೆ ಜಗ್ಗಬೇಕು. “ನಾನು ಕಲಿಯಲು ಒಂದು ವರ್ಷ ಹಿಡಿಯಿತು ಸಾರ್” ಎಂದ ನನ್ನ ಶಿಷ್ಯ. ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುತ್ತಿದ್ದ ಹುಡುಗ ಅವನು, ನನಗೆ ಆಶ್ಚರ್ಯವಾಗಲಿಲ್ಲ. ಜಗ್ಗಿದ ಮೇಲೆ ದಯೆ ದಾಕ್ಷಿಣ್ಯವಿಲ್ಲ. ಮೀನು ಕಳೆಯೊಳಗೆ ಸುತ್ತಿಕೊಂಡರೆ ಬಿಡಿಸಲಾಗದು. ಅದಕ್ಕೆಂದೇ ಏಳಡಿಯ ಬಿರುಸಾದ ಕೋಲು, 50 ಅಥವಾ 65 ಪೌಂಡು ತಡೆಯುವ ಹೆಣೆದ ದಾರ.

ಫ್ಲಾರಿಡಾದ ಸರೋವರಗಳಲ್ಲಿ ಹೀಗೆ ತೊಡರುವ ಕಳೆಗಳಲ್ಲಿ ಹೈಡ್ರಿಲ್ಲ ಮುಖ್ಯವಾದುದು. ಅದು ಅಲ್ಲಿಯದಲ್ಲ. 1950ರ ದಶಕದಲ್ಲಿ ಗಾಜಿನ ತೊಟ್ಟಿಯ ಅಲಂಕಾರಕ್ಕೆಂದು ಏಷ್ಯದಿಂದ ಹೋದದ್ದು, ಹೊರಬಿದ್ದು ಹಬ್ಬಿತು. 1997ರಲ್ಲಿ ವಿಜ್ಞಾನಿಗಳು ಅದರ ವಂಶವನ್ನು ಪರೀಕ್ಷಿಸಿದಾಗ, ಅಲ್ಲಿನ ಒಂದು ಬಗೆಯ ಹೈಡ್ರಿಲ್ಲ ಬೆಂಗಳೂರಿನಿಂದ ತಂದ ಮಾದರಿಗೆ ಬಹಳ ಹತ್ತಿರವೆಂದು ಕಂಡುಬಂದಿತಂತೆ! ನಮ್ಮ ಕೆರೆಯ ನೆಂಟನ ನೆರಳಿನಲ್ಲಿ ಆ ದೇಶದ ಮೀನು ಹೊಂಚುಹಾಕುತ್ತಿದೆ.

ನಮ್ಮ ಕೆರೆಗಳಲ್ಲಿಯೂ ಕಪ್ಪೆಗೆ ಎರಗುವ ಮೀನುಂಟು. ಹಾವಿನದರಂತಹ ತಲೆಯುಳ್ಳದ್ದು, ಇಂಗ್ಲಿಷಿನಲ್ಲಿ ಮರಲ್ ಎನ್ನುವರು. ಅದನ್ನು ಹಿಡಿಯಲು ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವುದು ಹಳೆಯ ಪದ್ಧತಿ. ಈಗ ನಮ್ಮ ಹುಡುಗರೂ ಪ್ಲಾಸ್ಟಿಕ್ ಕಪ್ಪೆಯನ್ನು ಎಸೆಯುತ್ತಾರೆ. ಗದ್ದೆಯ ಹುಳುಗಳನ್ನು ತಿನ್ನುವ ಕಪ್ಪೆಗೆ ಅಷ್ಟರಮಟ್ಟಿಗೆ ಪ್ರಾಣ ಉಳಿಯಿತು. ಆದರೆ ಹರಿದ ಪ್ಲಾಸ್ಟಿಕ್ಕನ್ನು ನೀರಿಗೆಸೆಯಬಾರದು. ಅದು ಕೊಳೆಯುವುದಿಲ್ಲ, ನುಂಗಿದ ಮೀನಿಗೆ ಜೀರ್ಣವೂ ಆಗುವುದಿಲ್ಲ. ಇನ್ನೊಂದು ಮಾತು: ಬಾಸ್ ಮೀನಿನ ಗಂಡು ವಸಂತದಲ್ಲಿ ಬಾಲದಿಂದ ತಳವನ್ನು ಗುಡಿಸಿ ಗೂಡುಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ಅದನ್ನು ಎಳೆದುಕೊಂಡರೆ ಸುತ್ತಲಿನ ಸಣ್ಣ ಮೀನುಗಳು ಆ ಮೊಟ್ಟೆಗಳನ್ನು ತಿಂದು ಮುಗಿಸುತ್ತವೆ.

ಹೊರಡುವ ಮೊದಲು ನನ್ನ ಶಿಷ್ಯ, “ಆ ಮೀನನ್ನು ನಮ್ಮೂರ ಕೆರೆಗೂ ತಂದು ಬಿಟ್ಟರೆ ಹೇಗೆ ಸಾರ್?” ಎಂದು ಕೇಳಿದ. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ನಾನು ಜಪಾನಿನ ಕಥೆ ಹೇಳಿದೆ. 1925ರಲ್ಲಿ ಆಶಿ ಸರೋವರಕ್ಕೆ ಈ ಮೀನನ್ನು ತಂದು ಬಿಟ್ಟರು. ಅಲ್ಲಿಂದ ಅದು ದೇಶದ ತುಂಬ ಹರಡಿತು. ಬಿವಾ ಸರೋವರದಲ್ಲಿ ಎಷ್ಟು ಕೊಬ್ಬಿತೆಂದರೆ, 1932ರಲ್ಲಿ ಜಾರ್ಜಿಯದ ಜಾರ್ಜ್ ಪೆರ್ರಿ ಹಿಡಿದ 22 ಪೌಂಡು 4 ಔನ್ಸಿನ ಮೀನಿಗೆ ಸರಿಸಮವೆನಿಸಿದ ಮೀನು 2009ರಲ್ಲಿ ಸಿಕ್ಕಿದ್ದು ಅಮೆರಿಕದಲ್ಲಲ್ಲ, ಬಿವಾದಲ್ಲಿ. ಅಷ್ಟು ದಪ್ಪವಾಗಲು ಅಲ್ಲಿಯ ಮೂಲದ ಮೀನುಗಳು ಎಷ್ಟು ಆಹುತಿಯಾಗಿರಬೇಕು! 2003ರಿಂದ ಆ ಪ್ರಾಂತದಲ್ಲಿ ಹಿಡಿದ ಬಾಸ್ ಮೀನನ್ನು ಮತ್ತೆ ನೀರಿಗೆ ಬಿಡಕೂಡದು. 2005ರ ಕಾನೂನಿನಂತೆ ಅದನ್ನು ಜೀವಂತವಾಗಿ ಸಾಗಿಸುವುದೂ ಅಪರಾಧ. ನಮ್ಮಲ್ಲಿ ಆಫ್ರಿಕದ ಕ್ಯಾಟ್‌ಫಿಷ್ ನಿಷೇಧವಾದ ಮೇಲೂ ಕದ್ದು ಸಾಕುವವರಿಂದ ಕೆರೆ ಸೇರಿದ್ದನ್ನೂ ಹೇಳಿದೆ.

ಆತ ಡಬ್ಬಿಯ ಕಡೆಗೆ ಕೈತೋರಿಸಿ ನಕ್ಕ. “ನಾನು ತಂದಿರುವುದು ಕಪ್ಪೆಯನ್ನು ಮಾತ್ರ ಸಾರ್.”