ಪಾದದಿಂದ ಮೇಲೇರುವ ನಿಶ್ಶಕ್ತಿ



2025ರ ಆರಂಭದಲ್ಲಿ ಪುಣೆ ಪರಿಸರದ 200ಕ್ಕೂ ಹೆಚ್ಚು ಜನರಲ್ಲಿ ಗಿಲ್ಲೆನ್-ಬಾರೆ ಸಿಂಡ್ರೋಮ್ ಇರುವ ಶಂಕೆ ಮೂಡಿತು. ಅವರಲ್ಲಿ ಅನೇಕರಿಗೆ ಮೊದಲು ಬಂದದ್ದು ಬರೀ ವಾಂತಿಭೇದಿ. 1916ರಲ್ಲಿ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡು ವಿವರಿಸಿದ ಅಪರೂಪದ ನರರೋಗವಿದು.

ಅಶುದ್ಧ ನೀರು, ಸರಿಯಾಗಿ ಬೇಯದ ಕೋಳಿಮಾಂಸದ ಮೂಲಕ ಹೊಟ್ಟೆ ಸೇರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುವಿನ ಹೊರಕವಚ ನಮ್ಮ ನರಗಳ ಮೇಲಿನ ಕೆಲವು ಅಂಶಗಳನ್ನು ಹೋಲುತ್ತದೆ. ರೋಗಾಣುವನ್ನು ಕೊಲ್ಲಲು ದೇಹ ಕಳುಹಿಸಿದ ಪ್ರತಿಕಾಯಗಳು ಗುರುತು ತಪ್ಪಿ ನರಗಳ ಮೇಲೆಯೇ ಎರಗುತ್ತವೆ. ಕಾವಲುಗಾರನೇ ಮನೆಯವರ ಮೇಲೆ ದೊಣ್ಣೆ ಎತ್ತಿದ ಹಾಗೆ! ನರದ ಹೊದಿಕೆ ಸುಲಿದುಹೋಗಿ ಮಿದುಳಿನ ಆಜ್ಞೆ ಸ್ನಾಯುಗಳನ್ನು ತಲುಪುವುದಿಲ್ಲ.

ಮೊದಲು ಪಾದ ಜೋಮು ಹಿಡಿಯುತ್ತದೆ, ಮೆಟ್ಟಿಲು ಹತ್ತಲಾಗುವುದಿಲ್ಲ. ಕೆಲವೇ ದಿನಗಳಲ್ಲಿ ನಿಶ್ಶಕ್ತಿ ತೊಡೆ, ಕೈ, ಮುಖಕ್ಕೆ ಏರುತ್ತದೆ. ಉಸಿರಾಟದ ಸ್ನಾಯುಗಳಿಗೆ ತಗಲಿದರೆ ವೆಂಟಿಲೇಟರ್ ಬೇಕು. ಆದ್ದರಿಂದ ವಾತವೆಂದು ಎಣ್ಣೆ ತಿಕ್ಕುತ್ತಾ ದಿನ ಕಳೆಯಬಾರದು. ರಕ್ತನಾಳಕ್ಕೆ ಇಮ್ಯುನೊಗ್ಲಾಬ್ಯುಲಿನ್ ಹನಿಸುವುದು, ಇಲ್ಲವೇ ರಕ್ತದ ಪ್ಲಾಸ್ಮಾ ಬದಲಿಸುವುದು, ಇವೆರಡೇ ಮುಖ್ಯ ಚಿಕಿತ್ಸೆಗಳು. ಮೊದಲ ಎರಡು ವಾರಗಳೊಳಗೆ ಆರಂಭಿಸಿದರೆ ಹೆಚ್ಚು ಫಲ.

ರೋಗಿಯನ್ನು ಕಾಣಲು ಹೋಗುವವರು ಹೆದರಬೇಕಿಲ್ಲ, ಇದು ಅಂಟುರೋಗವಲ್ಲ. ಇನ್ನೊಂದು ಮಾತು. ಕೈಯೆತ್ತಲಾಗದೆ, ಮಾತಿಲ್ಲದೆ ಮಲಗಿದ್ದರೂ ಸಾಮಾನ್ಯವಾಗಿ ಅವರ ಬುದ್ಧಿ ಚುರುಕಾಗಿಯೇ ಇರುತ್ತದೆ, ಕಿವಿಯೂ ಕೇಳುತ್ತದೆ. ಹಾಸಿಗೆಯ ಪಕ್ಕ ನಿಂತು “ಇನ್ನು ಉಳಿಯುವುದು ಕಷ್ಟ” ಎಂದು ಪಿಸುಗುಟ್ಟಬೇಡಿ. ಹೆಚ್ಚಿನವರು ಮತ್ತೆ ನಡೆಯುತ್ತಾರೆ, ಆದರೆ ತಿಂಗಳುಗಳು, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಮಗ್ಗುಲು ಬದಲಿಸಲು, ವ್ಯಾಯಾಮ ಮಾಡಿಸಲು ಮನೆಯವರಿಗೆ ಇನ್ನೊಬ್ಬರ ಕೈ ಬೇಕಾಗುವುದು ಆಗಲೇ.