ಗಾಜಿನ ಬಣ್ಣ, ಆತ್ಮದ ಸ್ವಭಾವ

ಪಾರದರ್ಶಕ ಗಾಜನ್ನು ಚಿತ್ರಿಸುವ ಕಲಾವಿದನಿಗೆ ಗಾಜಿನದೇ ಆದ ಬಣ್ಣವೊಂದು ದೊರೆಯದು. ಹಿಂದಿನ ಗೋಡೆ, ಒಳಗಿನ ಪಾನೀಯ, ಮೇಲೆ ಬಿದ್ದ ಬೆಳಕು ಇವನ್ನು ಬರೆದಾಗಲೇ ಗಾಜು ಮೂಡುತ್ತದೆ. ಡಚ್ ಕಲಾವಿದ ವಿಲ್ಲೆಮ್ ಹೇಡಾ 1635ರಲ್ಲಿ ಬರೆದ ಊಟದ ಮೇಜಿನ ಚಿತ್ರದಲ್ಲಿ ಗಾಜಿನ ಪಾತ್ರೆಯ ಮೈಮೇಲೆ ಕಿಟಕಿಯೇ ಪ್ರತಿಬಿಂಬಿಸಿದೆ.

ಆಚಾರ್ಯ ಕುಂದಕುಂದರು ‘ಸಮಯಸಾರ’ದಲ್ಲಿ ಸ್ಫಟಿಕಮಣಿಯ ದೃಷ್ಟಾಂತವನ್ನು ನೀಡುತ್ತಾರೆ. ಶುದ್ಧ ಸ್ಫಟಿಕವು ತಾನಾಗಿ ಕೆಂಪಾಗದು. ಪರದ್ರವ್ಯದ ಸಂಗದಿಂದ ಕೆಂಪಾಗಿ ತೋರುತ್ತದೆ. ಜ್ಞಾನಿಯ ಆತ್ಮವೂ ಹಾಗೆಯೇ. ರಾಗದ್ವೇಷಗಳು ಅದರ ಸ್ವಭಾವವಲ್ಲ, ಕರ್ಮದ ನಿಮಿತ್ತದಿಂದ ತೋರುವ ವಿಕಾರಗಳು.

‘ನಾನು ಹುಟ್ಟಾ ಕೋಪಿಷ್ಠ’ ಎನ್ನುವವನು ಗೋಡೆಯ ಬಣ್ಣವನ್ನು ಗಾಜಿನದೆಂದು ಬಗೆದಿದ್ದಾನೆ. ಈ ಮಾತು ಕೋಪಕ್ಕೆ ಸಮರ್ಥನೆಯಲ್ಲ. ಕೋಪವು ಸ್ವಭಾವವೇ ಆಗಿದ್ದರೆ ಅದನ್ನು ತೊರೆಯಲಾಗುತ್ತಿರಲಿಲ್ಲ; ಅಲ್ಲದ ಕಾರಣ ತೊರೆಯಬಹುದು. ಈ ಬೇರ್ಪಾಟನ್ನು ಅರಿಯುವುದೇ ಭೇದವಿಜ್ಞಾನ. ಕ್ಷಮೆಯ ಸಾಧನೆ ಅಲ್ಲಿಂದ ಆರಂಭವಾಗುತ್ತದೆ.