ಹಲಗೆ, ಎರಡು ಬಾಟ್ಲಿ ಮತ್ತು ನನ್ನ ಸೋಲು

ಕಳೆದ ಸೆಮಿಸ್ಟರ್ ರಜೆಯಲ್ಲಿ ಬೈಂದೂರು ಹತ್ತಿರದ ನಮ್ಮೂರಿಗೆ ಹೋದಾಗ, ಏಳು ವರ್ಷದ ಅಕ್ಕನ ಮಗನ ಎದುರು ಒಂದು ಪಂದ್ಯ ಸೋತೆ. ಕ್ರಿಕೆಟ್ ಅಲ್ಲ, ಫಿಸಿಕ್ಸ್!

ಆದದ್ದು ಇಷ್ಟು. ಮಾಣಿಯ ಕೈಯಿಂದ ಮೊಬೈಲ್ ಬಿಡಿಸಬೇಕಿತ್ತು. ಅಂಗಳದಲ್ಲಿ ಒಂದು ಉದ್ದದ ಹಲಗೆ ಬಿದ್ದಿತ್ತು. ಅದರ ಒಂದು ತುದಿಯನ್ನು ಕೆಂಪುಕಲ್ಲಿನ ಮೇಲಿಟ್ಟೆವು, ಇಳಿಜಾರು ರೆಡಿ. ಒಂದೇ ಅಳತೆಯ ಎರಡು ಅರ್ಧ ಲೀಟರ್ ಬಾಟ್ಲಿ ತಗೊಂಡು ಒಂದರಲ್ಲಿ ನೀರು, ಇನ್ನೊಂದರಲ್ಲಿ ಒಣ ಹೊಯ್ಗೆ ಒತ್ತಿ ಒತ್ತಿ ತುಂಬಿದೆವು. ಅಡ್ಡ ಮಲಗಿಸಿ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ಕೆಳಗೆ ಮುಟ್ಟುತ್ತದೆ?

ನಾನು ಗತ್ತಿನಲ್ಲಿ ಹೇಳಿದೆ, “ಎರಡೂ ಒಟ್ಟಿಗೇ. ಭಾರಕ್ಕೂ ಇದಕ್ಕೂ ಸಂಬಂಧ ಇಲ್ಲೆ.” ಮಾಣಿ, “ನೀರಿನ್ ಬಾಟ್ಲಿಯೇ ಗೆಲ್ತ್, ಕಾಣಿ ಮಾವ” ಅಂದ.

ಐದು ಸಲ ಬಿಟ್ಟೆವು. ಐದು ಸಲವೂ ನೀರಿನ ಬಾಟ್ಲಿಯೇ ಗೆದ್ದಿತು. “ಎಂತಕಾ?” ಅಂತ ಕೇಳಿದರೆ, “ನೀರ್ ಒಳ್ಗೇ ಜಾರತ್ತಲ್ದಾ?” ಅಂದ. ಅವನು ಹೇಳಿದ್ದು ಪೂರ್ತಿ ಸರಿ ಮಾರಾಯ್ರೆ. ನನಗೇ ಅದನ್ನು ಪೇಪರಿನ ಮೇಲೆ ಬರೆದು ನೋಡಬೇಕಾಯ್ತು.

ಎತ್ತರದಿಂದ ಇಳಿಯುವ ವಸ್ತುವಿನ ಶಕ್ತಿ ಎರಡು ಪಾಲಾಗುತ್ತದೆ. ಒಂದು ಪಾಲು ಮುಂದೆ ಹೋಗಲಿಕ್ಕೆ, ಇನ್ನೊಂದು ತಿರುಗಲಿಕ್ಕೆ. ಒತ್ತಿ ತುಂಬಿದ ಹೊಯ್ಗೆ ಬಾಟ್ಲಿಯ ಜೊತೆಗೇ ತಿರುಗಬೇಕು. ಅಂದರೆ ಅದು ನಮ್ಮ ಟೆಕ್ಸ್ಟ್‌ಬುಕ್ಕಿನ ಗಟ್ಟಿ ಸಿಲಿಂಡರ್, ಶಕ್ತಿಯ ಮೂರನೇ ಒಂದು ಪಾಲು ತಿರುಗುವುದಕ್ಕೇ ಖರ್ಚು. ನೀರು ಹಾಗಲ್ಲ. ಬಾಟ್ಲಿಯ ಚಿಪ್ಪು ಮಾತ್ರ ತಿರುಗುತ್ತದೆ, ಒಳಗಿನ ನೀರು ಹೆಚ್ಚಿನಂಶ ತಿರುಗದೆ ಸುಮ್ಮನೆ ಮುಂದೆ ಸಾಗುತ್ತದೆ. ಖರ್ಚು ಕಮ್ಮಿ, ಓಟ ಜಾಸ್ತಿ. ಖಾಲಿ ಬಾಟ್ಲಿ ಬಿಟ್ಟು ನೋಡಿ, ಅದೇ ಕಡೆಯದು. ಅದರ ತೂಕವೆಲ್ಲ ಅಂಚಿನಲ್ಲೇ ಇರುವುದರಿಂದ ಸುಮಾರು ಅರ್ಧ ಶಕ್ತಿ ತಿರುಗುವುದರಲ್ಲೇ ಹೋಗುತ್ತದೆ.

‘ಭಾರಕ್ಕೆ ಸಂಬಂಧ ಇಲ್ಲ’ ಅನ್ನುವ ನನ್ನ ಮಾತು ಸುಳ್ಳಲ್ಲ. ಆದರೆ ಅದು ಒಂದೇ ಆಕಾರದ ಗಟ್ಟಿ ವಸ್ತುಗಳಿಗೆ ಹೇಳಿದ ಮಾತು. ಆ ಷರತ್ತನ್ನು ನಾನು ಪರೀಕ್ಷೆ ಮುಗಿದ ದಿನವೇ ಮರೆತಿದ್ದೆ.

ಮರುದಿನದ ಆಟ ಇನ್ನೂ ಚಂದ ಇತ್ತು. ಎರಡು ಮೀಟರ್ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತೋಡು ಮಾಡಿದೆವು. (ಅಡಿಕೆ ಮರದ ದಂಬೆಯೂ ಆದೀತು, ಆದರೆ ನಾರೆದ್ದಿದ್ದರೆ ಗೋಲಿ ತಡವರಿಸುತ್ತದೆ. ಪೈಪ್ ಸೀಳುವ ಕೆಲಸ ದೊಡ್ಡವರದ್ದು.) ಒಂದು ತುದಿ ಹತ್ತು ಸೆಂಟಿಮೀಟರ್ ಎತ್ತರಕ್ಕಿರಲಿ. ಒಳಗೆ ಅಡ್ಡಕ್ಕೆ ನಾಲ್ಕು ತುಂಡು ದಪ್ಪ ನೂಲು ಅಂಟಿಸಿ, ಗೋಲಿ ದಾಟುವಾಗ ‘ಟಕ್’ ಅನ್ನಬೇಕು. ಮೊದಲು 40, 80, 120, 160 ಸೆಂಟಿಮೀಟರಿಗೆ ಅಂಟಿಸಿ ಬಿಡಿ. ಟಕ್... ಟಕ್.. ಟಕ್. ಟಕ್, ಸದ್ದು ಹತ್ತಿರ ಹತ್ತಿರ ಬರುತ್ತದೆ. ಈಗ ನೂಲು ಕಿತ್ತು 10, 40, 90, 160ಕ್ಕೆ ಅಂಟಿಸಿ. ತಾಳ ಹಾಕಿದ ಹಾಗೆ ಸಮ! ಈ ಎತ್ತರದಲ್ಲಿ ಲೆಕ್ಕದ ಪ್ರಕಾರ ಟಕ್ಕಿನಿಂದ ಟಕ್ಕಿಗೆ ಸುಮಾರು ಮುಕ್ಕಾಲು ಸೆಕೆಂಡ್. ನೂಲುಗಳ ನಡುವಿನ ಅಂತರ 10, 30, 50, 70, ಅಂದರೆ 1, 3, 5, 7ರ ಲೆಕ್ಕ.

ಇದು ಗೆಲಿಲಿಯೋನ ಪ್ರಯೋಗ. 1638ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಮರದ ತೋಡಿಗೆ ನುಣುಪಾದ ಚರ್ಮದ ಹಾಳೆ ಅಂಟಿಸಿ ಕಂಚಿನ ಗುಂಡು ಉರುಳಿಸಿದ್ದನ್ನು, ಸಣ್ಣ ಧಾರೆಯಲ್ಲಿ ಬಿದ್ದ ನೀರನ್ನು ತೂಗಿ ಸಮಯ ಅಳೆದದ್ದನ್ನು ಬರೆದಿದ್ದಾನೆ. ಸ್ಟಿಲ್‌ಮನ್ ಡ್ರೇಕ್ ಎಂಬ ಇತಿಹಾಸಕಾರ 1970ರ ದಶಕದಲ್ಲಿ ಇನ್ನೊಂದು ಊಹೆ ಮುಂದಿಟ್ಟರು. ಗೆಲಿಲಿಯೋ ಮೊದಲಿಗೆ ತಂತಿ ಕಟ್ಟಿ, ಸದ್ದಿನ ಲಯ ಕೇಳಿಯೇ ಸಮಯ ಹಿಡಿದಿರಬೇಕು ಎಂದು. ಅವನ ಅಪ್ಪ ಸಂಗೀತಗಾರ. ಆಟ, ಮೇಳ ಅಂತ ರಾತ್ರಿಯೆಲ್ಲ ಚೆಂಡೆ ಕೇಳಿ ಬೆಳೆದ ನಮ್ಮ ಬದಿಯ ಮಕ್ಕಳಿಗೆ ತಾಳ ತಪ್ಪಿದರೆ ಗೊತ್ತಾಗದೆ ಇರುತ್ತದಾ? ಸ್ಟಾಪ್‌ವಾಚ್ ಬೇಡವೇ ಬೇಡ.

ಕುಂದಾಪುರದ ಕೋಡಿಗೋ ಮರವಂತೆಗೋ ಹೋಗುವುದಾದರೆ ಹಲಗೆಯನ್ನೂ ತಗೊಂಡು ಹೋಗಿ. ಒಂದೇ ಎತ್ತರದಿಂದ ಚೆಂಡು ಬಿಡಿ. ಒಣ ಹೊಯ್ಗೆಯಲ್ಲಿ ಅದು ಬೇಗ ಹೂತು ನಿಲ್ಲುತ್ತದೆ, ತೆರೆ ಬಂದು ಹೋದ ಗಟ್ಟಿ ಹೊಯ್ಗೆಯಲ್ಲಿ ದೂರ ಓಡುತ್ತದೆ. ಮಕ್ಕಳು ಹೆಜ್ಜೆಯಲ್ಲಿ ಅಳೆಯಲಿ. ಮಳೆಗಾಲದಲ್ಲಿ ಮಾತ್ರ ಕಡಲ ಬದಿ ಬೇಡ. ಎಲ್ಲವನ್ನೂ ಬಾಯಿಗೆ ಹಾಕುವ ಪ್ರಾಯದ ಮಕ್ಕಳಿದ್ದರೆ ಗೋಲಿಯೂ ಬೇಡ.

ಇಂಥ ಕೆಲಸ ನಮ್ಮ ಕಡೆಗೆ ಹೊಸದಲ್ಲ. ಈಗ ಬ್ರಹ್ಮಾವರ ತಾಲೂಕಿನಲ್ಲಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನೂ ಮಾಡಿದರು. ನಮ್ಮ ಕೈಯಲ್ಲಿರುವುದು ಒಂದು ಹಲಗೆ, ಅಷ್ಟೇ. ಒಂದೇ ಒಂದು ಕಿವಿಮಾತು: ಬಿಡುವ ಮೊದಲು ‘ಯಾವ್ದ್ ಗೆಲ್ತ್?’ ಅಂತ ಮಕ್ಕಳ ಹತ್ರ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಕಷ್ಟ ಇದೆ. ನನ್ನಿಂದ ಎರಡನೇ ದಿನವೂ ಆಗಲಿಲ್ಲ.

ಹೊರಡುವ ದಿನ ಮಾಣಿ ಅರ್ಧ ಹೊಯ್ಗೆ ತುಂಬಿದ ಬಾಟ್ಲಿ ತಂದ. ಇಳಿಜಾರಿನಲ್ಲಿ ಬಿಟ್ಟರೆ ಅದು ಸ್ವಲ್ಪ ಉರುಳಿ ಅಲ್ಲೇ ನಿಂತಿತು. ಒಳಗೆ ಹೊಯ್ಗೆ ಕುಸಿಯುತ್ತ, ಕಣಕ್ಕೆ ಕಣ ತಿಕ್ಕಿ ಶಕ್ತಿಯನ್ನೆಲ್ಲ ತಿಂದುಹಾಕುತ್ತದೆ ಅನ್ನುವುದು ನನಗೆ ಬಸ್ಸಿನಲ್ಲಿ ಶಿರೂರು ದಾಟುವಾಗ ಹೊಳೆಯಿತು. ಫೋನ್ ಮಾಡಿದೆ. “ಹೇಳ್ಬೇಡಿ ಮಾವ, ನಾನ್ ಕಾಣ್ತಾ ಇದ್ದೆ” ಅಂದು ಇಟ್ಟೇಬಿಟ್ಟ.